ಬೆಳಕಿನ ವೇಗ ಅಳೆಯಲು ಹಪ್ಪಳವೋ, ಚಾಕೊಲೇಟೋ, ಬಿಲ್ ಕಾಗದವೋ?

ಮೈಕ್ರೊವೇವ್ ಓವನ್‌ನ ಹಿಂಬದಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ 2450 ಮೆಗಾಹರ್ಟ್ಸ್ ಎಂದಿರುತ್ತದೆ; ಅದು ಒಳಗಿನ ಅಲೆಗಳ ಆವರ್ತನ, ಅಂದರೆ ಅವು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆ ಎಂಬ ಲೆಕ್ಕ. ಈ ಅಲೆಗಳೂ ಬೆಳಕಿನ ವೇಗದಲ್ಲೇ ಓಡುವುದರಿಂದ ಆ ವೇಗವನ್ನು ಅಡುಗೆಮನೆಯಲ್ಲೇ ಅಳೆಯಬಹುದು. ಒಳಗೋಡೆಗಳಿಗೆ ಬಡಿದು ಮರಳುವ ಅಲೆಗಳು ಒಂದರ ಮೇಲೊಂದು ಸೇರಿ ಸ್ಥಾಯಿ ತರಂಗಗಳಾಗುತ್ತವೆ, ಅಂದರೆ ಅಲೆ ಜೋರಾಗಿರುವ ಜಾಗಗಳು ಕದಲದೆ ನಿಲ್ಲುತ್ತವೆ. ಹಾಗಾಗಿ ಒಂದು ಜಾಗ ಸುಡುತ್ತದೆ, ಪಕ್ಕದ ಜಾಗ ತಣ್ಣಗೇ ಇರುತ್ತದೆ. ಎರಡು ಬಿಸಿ ಜಾಗಗಳ ನಡುವಿನ ದೂರ ಹೆಚ್ಚುಕಡಿಮೆ ಅರ್ಧ ತರಂಗಾಂತರ, ಅಂದರೆ ಒಂದು ಅಲೆಯ ಅರ್ಧ ಉದ್ದ. ಅದನ್ನು ಇಮ್ಮಡಿ ಮಾಡಿ ಆವರ್ತನದಿಂದ ಗುಣಿಸಿದರೆ ವೇಗ ಸಿಗುತ್ತದೆ. 6.1 ಸೆಂ.ಮೀ. ಬಂದರೆ ಸೆಕೆಂಡಿಗೆ 29.89 ಕೋಟಿ ಮೀಟರ್. ನಿಜವಾದ ಬೆಲೆ 29,97,92,458.

ಯಾವುದನ್ನು ಇಟ್ಟರೂ ತಯಾರಿ ಒಂದೇ. ತಿರುಗುವ ಗಾಜಿನ ತಟ್ಟೆಯನ್ನು ತೆಗೆದು, ತಿರುಗುವ ಗುಬ್ಬಿಗೆ ತಾಗದಂತೆ ಅದರ ಮೇಲೆ ಪಿಂಗಾಣಿ ಬಟ್ಟಲೊಂದನ್ನು ಮಗುಚಿ, ಬಟ್ಟಲಿನ ಮೇಲೆ ಚಪ್ಪಟೆ ತಟ್ಟೆ ಇಡಬೇಕು. ತಟ್ಟೆ ತಿರುಗಿದರೆ ಬಿಸಿ ಜಾಗಗಳು ಒಂದೆಡೆ ನಿಲ್ಲುವುದಿಲ್ಲ. ಚಿನ್ನದ ಅಂಚಿನ ತಟ್ಟೆ ಬೇಡ, ಕಿಡಿ ಹಾರುತ್ತದೆ. ಗ್ರಿಲ್, ಕನ್ವೆಕ್ಷನ್ ಬಿಟ್ಟು ಬರೀ ಮೈಕ್ರೊ ಮೋಡ್, ಪೂರ್ಣ ಶಕ್ತಿ. ಕಡಿಮೆ ಶಕ್ತಿ ಇಟ್ಟರೆ ಹೆಚ್ಚಿನ ಓವನ್‌ಗಳು ಅಲೆಯನ್ನು ಬಿಟ್ಟು ಬಿಟ್ಟು ಕಳಿಸುತ್ತವೆ, ನಡುವಿನ ಬಿಡುವಿನಲ್ಲಿ ಬಿಸಿ ಅಕ್ಕಪಕ್ಕಕ್ಕೆ ಹರಡಿಬಿಡುತ್ತದೆ. ತಟ್ಟೆಯೇ ತಿರುಗದ ಫ್ಲಾಟ್‌ಬೆಡ್ ಮಾದರಿಗಳಲ್ಲಿ ಅಲೆ ಕಲಕುವ ರೆಕ್ಕೆ ಅಡಗಿರುತ್ತದೆ; ಅವು ಈ ಕೆಲಸಕ್ಕೆ ಬಾರವು.

ನೋಡಲು ಸೊಗಸು ಉದ್ದಿನ ಹಪ್ಪಳ. ನಾಲ್ಕನ್ನು ಅಂಚಿಗೆ ಅಂಚು ತಾಗಿಸಿ ಹರಡಿದರೆ 15–20 ಸೆಕೆಂಡಿನಲ್ಲಿ ಅಲ್ಲಲ್ಲಿ ಬಿಳಿ ಗುಳ್ಳೆ ಏಳುತ್ತದೆ, ಉಳಿದ ಭಾಗ ಹಸಿಯಾಗಿಯೇ ಇರುತ್ತದೆ. ಮಕ್ಕಳಿಗೆ ತೋರಿಸಲು ಇದನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ಅರಳಿದ ಕೂಡಲೇ ಹಪ್ಪಳ ಸೊಟ್ಟಗಾಗಿ ಮೇಲೇಳುತ್ತದೆ, ಸ್ಕೇಲು ಕೂರುವುದೇ ಇಲ್ಲ.

ಚಾಕೊಲೇಟ್ ಚೆನ್ನಾಗಿ ಕೂರುತ್ತದೆ. ಬೀಜ, ಬಿಸ್ಕತ್ತು ಸೇರದ ಗಟ್ಟಿ ಬಾರ್ ಆಗಬೇಕು, ಉದ್ದ 15 ಸೆಂ.ಮೀ.ಗಿಂತ ಕಡಿಮೆ ಇರಬಾರದು. ನುಣುಪು ಮುಖ ಮೇಲಕ್ಕಿರಲಿ. ಬೆಂಗಳೂರಿನ ಏಪ್ರಿಲ್ ಬಿಸಿಲಲ್ಲಿ ಅಂಗಡಿಯಿಂದ ಮನೆಗೆ ಬರುವಷ್ಟರಲ್ಲೇ ಮೆತ್ತಗಾಗಿರುತ್ತದೆ, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. 20 ಸೆಕೆಂಡಿನಿಂದಲೇ ಕಣ್ಣಿಟ್ಟು, ಮೊದಲ ಹೊಳಪು ಕಂಡಾಗ ನಿಲ್ಲಿಸಿ. ಹತ್ತು ಸೆಕೆಂಡು ತಡವಾದರೂ ಚುಕ್ಕಿ ಕೊಳವಾಗುತ್ತದೆ, ನಡು ಎಲ್ಲಿ ಎಂದು ಊಹಿಸಬೇಕಾಗುತ್ತದೆ. ಒಂದು ಮಿಲಿಮೀಟರ್ ತಪ್ಪಿದರೆ ಉತ್ತರದಲ್ಲಿ ಸೆಕೆಂಡಿಗೆ 49 ಲಕ್ಷ ಮೀಟರ್ ತಪ್ಪುತ್ತದೆ.

ದೋಸೆ ಹಿಟ್ಟು ಕೈಗೆ ಸುಲಭವಾಗಿ ಸಿಗುತ್ತದೆ ನಿಜ, ಆದರೆ ನೀರು ಹೆಚ್ಚು. ತೆಳ್ಳಗೆ ಸವರಿದರೂ ಬೆಂದ ಕಲೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಿಟ್ಟುಬಿಡಿ.

ಸಂಖ್ಯೆಯೇ ಬೇಕಾದರೆ ನಮ್ಮ ಆಯ್ಕೆ ಬಿಲ್ ಮುದ್ರಿಸುವ ಥರ್ಮಲ್ ಕಾಗದ. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಸ್ಟೇಷನರಿ ಅಂಗಡಿಯಲ್ಲಿ ಸುರುಳಿ ಕೇಳಿ. ಉಗುರಿನಿಂದ ಗೀರಿ ನೋಡಿ: ಕಪ್ಪು ಗೆರೆ ಮೂಡುವುದೇ ಲೇಪನವಿರುವ ಮುಖ. ಒದ್ದೆ ಟಿಶ್ಯೂ ಹಾಸಿ, ಅದರ ಮೇಲೆ ಈ ಕಾಗದದ ಪಟ್ಟಿಗಳನ್ನು ಒದ್ದೆ ಮಾಡಿ, ಲೇಪನ ಮೇಲಾಗಿ, ಗಾಳಿ ಸಿಕ್ಕದಂತೆ ಒತ್ತಿ ಅಂಟಿಸಿ. ಒಣ ಕಾಗದ ಅಲೆಯನ್ನು ಅಷ್ಟಾಗಿ ಹೀರುವುದಿಲ್ಲ. ಬಿಸಿಯಾಗುವುದು ನೀರು, ಕಪ್ಪಾಗುವುದು ಲೇಪನ. ಬಾಗಿಲ ಬಳಿಯೇ ನಿಂತು ನೋಡುತ್ತಿರಿ, ಚುಕ್ಕಿ ಮೂಡಿದೊಡನೆ ನಿಲ್ಲಿಸಿ. ಪೂರ್ತಿ ಒಣಗಲು ಬಿಟ್ಟರೆ ಹೊತ್ತಿಕೊಳ್ಳಬಹುದು. ಕಾಗದದ ರಾಸಾಯನಿಕ ಊಟಕ್ಕೆ ಸೇರಬಾರದು, ಈ ತಟ್ಟೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ. ಗುರುತು ಹಾಗೇ ಉಳಿಯುತ್ತದೆ, ಒಣಗಿಸಿ ನಿಧಾನವಾಗಿ ಅಳೆಯಬಹುದು. ಈ ಅನುಕೂಲ ಉಳಿದ ಯಾವುದಕ್ಕೂ ಇಲ್ಲ.

ಕೆಲವು ಜೋಡಿ ಚುಕ್ಕಿಗಳ ನಡುವೆ 7–8 ಸೆಂ.ಮೀ. ಬಂದರೆ ಗಾಬರಿ ಬೇಡ. ಓವನ್ ಮೂರು ಆಯಾಮದ ಪೆಟ್ಟಿಗೆ. ಅಲೆ ಓರೆಯಾಗಿ ಓಡಾಡುವಾಗ ತಳದ ಮೇಲೆ ಕಾಣುವ ಅಂತರ ಹಿಗ್ಗುತ್ತದೆ. ಮತ್ತೆ ಮತ್ತೆ ಕಾಣಿಸುವ ಅಂತರಗಳಲ್ಲಿ ಅತಿ ಚಿಕ್ಕದನ್ನು ಹಿಡಿದು, ಚುಕ್ಕಿಗಳ ಅಂಚಿನಿಂದಲ್ಲ, ನಡುವಿನಿಂದ ನಡುವಿಗೆ ಅಳೆದು, ನಾಲ್ಕೈದು ಪಟ್ಟಿಗಳ ಸರಾಸರಿ ತೆಗೆಯಿರಿ.