ಕಾರ್ಸನ್ನಾ, ಲೆಟರ್‌ಮನ್ನಾ? ಹಳೇ ಲೇಟ್ ನೈಟ್ ಎಲ್ಲಿಂದ ಶುರು ಮಾಡೋದು

ಅಮೆರಿಕದ ಹಳೇ ಲೇಟ್ ನೈಟ್ ಕಾಮಿಡಿ, ಅಂದರೆ ಟಿವಿಯಲ್ಲಿ ತಡರಾತ್ರಿ ಬರುವ ಹಾಸ್ಯ-ಹರಟೆಯ ಶೋಗಳನ್ನು ನೋಡಲು ಹೊರಟರೆ, ನಿರೂಪಕರಲ್ಲಿ ಜಾನಿ ಕಾರ್ಸನ್ ಮೊದಲೋ, ಡೇವಿಡ್ ಲೆಟರ್‌ಮನ್ ಮೊದಲೋ ಎಂಬುದು ಪ್ರಶ್ನೆ.

ಕಾರ್ಸನ್ ಶೋ ಶುರುವಿನಲ್ಲಿ ಆಡುವ ಮಾತಿನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ನಿಕ್ಸನ್, ರೇಗನ್ ಕಾಲದ ಸುದ್ದಿ ಜಾಸ್ತಿ. ಹಿನ್ನೆಲೆ ಗೊತ್ತಿಲ್ಲದಿದ್ದರೆ ಎಷ್ಟೋ ಜೋಕು ತಲೆಗೆ ಹತ್ತುವುದಿಲ್ಲ. ಆದರೆ ಅವರ ಕಾರ್ನಾಕ್ ಎಂಬ ತಮಾಷೆಯ ಜ್ಯೋತಿಷಿಯ ವೇಷ ನೋಡಿ. ದೊಡ್ಡ ಪೇಟ ಇಟ್ಟುಕೊಂಡು, ಮುಚ್ಚಿದ ಲಕೋಟೆಯನ್ನು ಹಣೆಗೆ ಒತ್ತಿ ಮೊದಲು ಉತ್ತರ ಹೇಳುತ್ತಾರೆ. ಆಮೇಲೆ ಲಕೋಟೆ ಹರಿದು ಪ್ರಶ್ನೆ ಓದುತ್ತಾರೆ. ಜೋಕು ಠುಸ್ ಆದಾಗ ಅವರ ಮುಖ ನೋಡೋದೇ ಇನ್ನೂ ಮಜಾ.

ಲೆಟರ್‌ಮನ್‌ಗೆ ಇಷ್ಟೆಲ್ಲ ತಯಾರಿ ಬೇಡ. 1984ರಲ್ಲಿ ವೆಲ್ಕ್ರೋ (ಒತ್ತಿದರೆ ಅಂಟಿಕೊಳ್ಳುವ ಪಟ್ಟಿ) ಸೂಟ್ ತೊಟ್ಟು, ಹಾರಿ ಗೋಡೆಗೆ ಅಂಟಿಕೊಂಡರು. ಅದಕ್ಕೆ ವಿವರಣೆ ಯಾಕೆ?

ಯೂಟ್ಯೂಬ್‌ನಲ್ಲಿ ಇಬ್ಬರ ತುಣುಕುಗಳೂ ಸಿಗುತ್ತವೆ, ಖರ್ಚಿಲ್ಲ. ಆದರೆ ಕಾರ್ಸನ್ 1962ರಿಂದ 1992ರವರೆಗೆ 'ಟುನೈಟ್ ಶೋ' ನಡೆಸಿದರೂ, ಮೊದಲ ಹತ್ತು ವರ್ಷದ ಟೇಪುಗಳಲ್ಲಿ ಬಹುಪಾಲು ಉಳಿದಿಲ್ಲ. ಮತ್ತೆ ಬಳಸಲೆಂದು ಅಳಿಸಿಬಿಟ್ಟರು. ಹೊಟ್ಟೆ ಉರಿಯುತ್ತೆ ಅಲ್ವಾ?

ಊಟ ಮುಗಿಸಿ, ಕಾಲು ಚಾಚಿ ಹಾಯಾಗಿ ನಗಬೇಕೆಂದರೆ ಕಾರ್ಸನ್. ಕೊಂಕು ಮಾತು, ತರಲೆ ಇಷ್ಟವಾದರೆ ಲೆಟರ್‌ಮನ್, ಅದೂ 1982–93ರಲ್ಲಿ ಎನ್‌ಬಿಸಿ ಟಿವಿ ಚಾನೆಲ್‌ನಲ್ಲಿದ್ದ ದಿನಗಳದ್ದು.