ಪವರ್ ಸ್ಟೇರಿಂಗ್ ಆಯಿಲ್ ಬದಲಿಸೋಕೆ ಸಿರಿಂಜ್ ಸಾಕಾ, ಪೈಪ್ ಬಿಚ್ಚಬೇಕಾ?

ನಮ್ಮನೆ ಕ್ವಾಲಿಸ್ 2003ರದ್ದು. ಬಿಡದಿಯಲ್ಲಿ ಹುಟ್ಟಿದ ಗಾಡಿ, ಆಮೇಲೆ ಮೂಡಿಗೆರೆ ಬಿಟ್ಟು ಬೇರೆ ಊರಲ್ಲಿ ಸಂಸಾರ ಮಾಡಿಲ್ಲ. ಎಂಜಿನ್ ಆಯಿಲ್ ಒಂದು ಸಲವೂ ತಪ್ಪಿಸದ ಅಪ್ಪ, ಸ್ಟೇರಿಂಗ್ ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆಯುತ್ತಿದ್ದದ್ದು ಕಮ್ಮಿಯಾದಾಗ ಸುರಿಯೋದಕ್ಕೆ ಮಾತ್ರ. ಚಾರ್ಮಾಡಿ ತಿರುವುಗಳಲ್ಲಿ ಫುಲ್ ಕಟ್ ಹೊಡೆದಾಗೆಲ್ಲ ಬಾನೆಟ್ ಒಳಗಿಂದ ನಾಯಿಮರಿ ಅತ್ತಂತೆ ಕುಂಯ್ ಅಂತ ಸದ್ದು ಬರೋಕೆ ಶುರುವಾದಮೇಲೆ ಕೇಸು ನನ್ನ ಕೈಗೆ ಬಂತು. "ವಯಸ್ಸಾಯ್ತಲ್ಲೋ ಅದಕ್ಕೂ" ಅಂದು ಅಪ್ಪ ಪೇಪರ್ ಓದೋಕೆ ಕೂತರು.

ಅಲ್ಲಿಂದ ಎರಡು ವರ್ಷದಲ್ಲಿ ಮೂರು ದಾರಿ ನೋಡಿದ್ದೇನೆ. ಎರಡು ಕ್ವಾಲಿಸ್ ಮೇಲೆ, ಒಂದು ಭಾವನ ಹಳೇ ಆಕ್ಸೆಂಟ್ ಮೇಲೆ.

ಮೊದಲು ಆಯಿಲ್ ವಿಷಯ, ಯಾಕೆಂದರೆ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಕ್ವಾಲಿಸ್‌ಗೆ ಬೇಕಾದ್ದು ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಆಯಿಲ್), ಜನರಲ್ ಮೋಟಾರ್ಸ್‌ನವರ ಡೆಕ್ಸ್ರಾನ್ 2 ಅಥವಾ 3 ದರ್ಜೆಯದ್ದು. ಆಕ್ಸೆಂಟ್‌ಗೆ ಹುಂಡೈ ಹೇಳುವುದು ಪಿಎಸ್‌ಎಫ್-3 ಅನ್ನುವ ಪವರ್ ಸ್ಟೇರಿಂಗ್ ಆಯಿಲ್. ಹೋಂಡಾದವರದ್ದು ಅವರದೇ ಬೇರೆ. ಡೆಕ್ಸ್ರಾನ್ 3ಕ್ಕೆ ಲೈಸೆನ್ಸ್ ಕೊಡೋದನ್ನು ಜನರಲ್ ಮೋಟಾರ್ಸ್ 2006ಕ್ಕೇ ಮುಗಿಸಿತು. ಈಗ ಡಬ್ಬಿಯ ಮೇಲೆ ಆ ಹೆಸರಿದ್ದರೆ ಅದು ಆಯಿಲ್ ತಯಾರಿಸಿದವರ ಮಾತು, ಅಷ್ಟೇ. ಹಾಗಾಗಿ ಹೆಸರಿರುವ ಕಂಪನಿಯದ್ದನ್ನೇ ತಗೊಂಡೆ. ಬ್ರೇಕ್ ಆಯಿಲ್ ಮಾತ್ರ ಒಂದು ಹನಿಯೂ ಬೀಳಬಾರದು. ಸ್ಟೇರಿಂಗ್ ಒಳಗಿನ ಸೀಲುಗಳ ರಬ್ಬರ್ ಅದರಲ್ಲಿ ಊದಿಕೊಂಡು ಮೆತ್ತಗಾಗುತ್ತದೆ. ಎರಡಕ್ಕೂ ಒಂದೇ ಫನೆಲ್ ಬಳಸುವವರನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಮೊದಲ ದಾರಿ ಸೋಮಾರಿಯದ್ದು. ಲೀಕ್ ನಿಲ್ಲಿಸುತ್ತೇನೆ ಅನ್ನುವ ಬಾಟಲಿ ತಂದು ಸುರಿದೆ. ಗಟ್ಟಿಯಾದ ಸೀಲನ್ನು ಸ್ವಲ್ಪ ಊದಿಸಿ ಸಂದು ಮುಚ್ಚುವುದು ಅದರ ಕೆಲಸ. ಸುರಿದ ಮೇಲೆ ಕೆಲವು ದಿನ ಕ್ವಾಲಿಸ್ ಕೆಳಗೆ ನೆಲದ ಮೇಲಿನ ಆಯಿಲ್ ಕಲೆ ಸಣ್ಣದಾಯಿತು, ನಾನೂ ಊರೆಲ್ಲ ಹೇಳಿಕೊಂಡು ಬಂದೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಲೆ ಮೊದಲಿನಷ್ಟೇ ಆಗಿತ್ತು. ಕುಂಯ್ ಸದ್ದಂತೂ ಒಂದು ದಿನವೂ ನಿಂತಿರಲಿಲ್ಲ. ಇನ್ನೊಂದು ಬಾಟಲಿ ತಂದೆ ಅಂತ ಬರೆಯೋಕೆ ನಾಚಿಕೆ, ಆದರೆ ತಂದೆ.

ಸಿರಿಂಜ್ ಪ್ರಯೋಗ ಆಕ್ಸೆಂಟ್ ಮೇಲೆ. ಮೆಡಿಕಲ್ ಶಾಪಿನಿಂದ 60 ಎಂಎಲ್ ಸಿರಿಂಜ್, ಅದರ ಮೂತಿಗೆ ಒಂದು ಗೇಣು ಡ್ರಿಪ್ ಟ್ಯೂಬು. ಟ್ಯಾಂಕಿನಲ್ಲಿ ಇದ್ದಷ್ಟನ್ನು ಎಳೆದು, ಹೊಸದು ತುಂಬಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ತಿರುಗಿಸಿ, ಒಂದೆರಡು ದಿನ ಓಡಿಸಿ, ಮತ್ತೆ ಎಳೆಯೋದು. ತುದಿಯಲ್ಲಿ ಒತ್ತಿ ಹಿಡಿಯಬಾರದು. ಅಲ್ಲಿ ಪಂಪಿನ ಪ್ರೆಶರ್ ಪೂರ್ತಿ ಏರಿ ಆಯಿಲ್ ಕಾಯುತ್ತದೆ. ಬೆನ್ನು ನೋಯುವುದಿಲ್ಲ, ಜಾಕ್ ಬೇಡ, ಕೈ ಕೂಡ ಹೆಚ್ಚು ಕೊಳೆಯಾಗುವುದಿಲ್ಲ. ಭಾವ ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತ "ದನದ ಡಾಕ್ಟರ್ ಥರ ಕಾಣ್ತೀಯ ಮಾರಾಯ" ಅಂದರು.

ಆದರೆ ಲೆಕ್ಕ ಸ್ವಲ್ಪ ಮೋಸದ್ದು. ಒಟ್ಟು ಆಯಿಲ್ ಒಂದು ಲೀಟರ್ ಅಂತ ಇಟ್ಟುಕೊಳ್ಳಿ, ಟ್ಯಾಂಕಿನಿಂದ ಸಲಕ್ಕೆ 250 ಎಂಎಲ್ ಹೊರಗೆ ಬರುತ್ತದೆ ಅನ್ನಿ. ಮೊದಲ ಸಲಕ್ಕೆ ಕಾಲು ಭಾಗ ಹೊಸದು. ಎರಡನೇ ಸಲಕ್ಕೆ ಅರ್ಧ ಆಗಬೇಕಲ್ಲ? ಆಗಲ್ಲ, ಶೇಕಡ 44. ಎಳೆದದ್ದರಲ್ಲಿ ಮೊನ್ನೆ ಹಾಕಿದ ಹೊಸ ಆಯಿಲೂ ಬಂದಿರುತ್ತದಲ್ಲ. ನಾಲ್ಕು ಸಲಕ್ಕೆ 68, ಎಂಟು ಸಲಕ್ಕೆ 90. ಅಂದರೆ ಎರಡು ಲೀಟರ್ ಖರ್ಚಾದರೂ ಹತ್ತರಲ್ಲಿ ಒಂದು ಪಾಲು ಹಳೇದು ಒಳಗೇ ಕೂತಿರುತ್ತದೆ. ಸಿರಿಂಜ್ ಆಯಿಲ್ ಉಳಿಸುವುದಿಲ್ಲ. ಅದು ಉಳಿಸುವುದು ನಿಮ್ಮ ಹಳೇ ಪೈಪುಗಳನ್ನು.

ಅದು ಯಾಕೆ ದೊಡ್ಡ ಮಾತು ಅನ್ನೋದು ಕ್ವಾಲಿಸ್‌ನ ಪೈಪ್ ಬಿಚ್ಚಿದ ಭಾನುವಾರ ಗೊತ್ತಾಯಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆವು, ನಾನು ಮತ್ತು ನಮ್ಮ ಮೆಕ್ಯಾನಿಕ್ ಭಾಯಿ. ಟ್ಯಾಂಕಿಗೆ ವಾಪಸ್ ಬರುವ ಪೈಪನ್ನು ಬಿಚ್ಚಿ ಬಾಟಲಿಗೆ ಇಳಿಬಿಟ್ಟು, ಟ್ಯಾಂಕಿನಲ್ಲಿ ಆ ಪೈಪ್ ಕೂರುತ್ತಿದ್ದ ಮೂತಿ ಮುಚ್ಚಿ, ಮೇಲಿನಿಂದ ಹೊಸದು ಸುರಿಯುತ್ತ ಸ್ಟೇರಿಂಗ್ ತಿರುಗಿಸಿದರೆ ಹಳೇದು ತಾನಾಗಿ ಹೊರಗೆ ಹೋಗಬೇಕು. ಪೈಪ್ ಇಪ್ಪತ್ತು ವರ್ಷ ಕಾದು ಕಾದು ಹಪ್ಪಳವಾಗಿತ್ತು. ಎಳೆದದ್ದು ನಾನೇ, ತುದಿ ಮುರಿದು ಕೈಗೇ ಬಂತು. ಭಾಯಿ ಬೈಯಲಿಲ್ಲ, ಒಂದಿಂಚು ಕತ್ತರಿಸಿ ಪಕ್ಕಕ್ಕಿಟ್ಟರು.

ಎಂಜಿನ್ ಆಫ್ ಇದ್ದಾಗ ಕೈಯಿಂದ ತಿರುಗಿಸುವವರೆಗೂ ಎಲ್ಲ ಚೆನ್ನಾಗಿತ್ತು. ಕಪ್ಪು ಕಷಾಯದಂಥದ್ದು ತೊಟ್ಟಿಕ್ಕುತ್ತಿತ್ತು, ಆದರೆ ತುಂಬ ನಿಧಾನ. ನನಗೆ ಅವಸರ. ಭಾಯಿ ಬೇಡ ಬೇಡ ಅಂದರೂ ಮೂರು ಸೆಕೆಂಡ್ ಸ್ಟಾರ್ಟ್ ಮಾಡಿಸಿದೆ. ನಾನು ಡಬ್ಬಿ ಬಗ್ಗಿಸುವಷ್ಟರಲ್ಲಿ ಟ್ಯಾಂಕ್ ಖಾಲಿ, ಪಂಪ್ ಗಾಳಿ ಕುಡಿದು ಕಿರುಚಿಕೊಂಡಿತು. ಟ್ಯಾಂಕಿನೊಳಗೆ ಮಿಲ್ಕ್‌ಶೇಕ್ ಥರ ಗುಲಾಬಿ ನೊರೆ. ಪೈಪ್ ವಾಪಸ್ ಹಾಕಿ, ಎಂಜಿನ್ ಆಫ್ ಮಾಡಿಯೇ ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೂ ನೊರೆ ಪೂರ್ತಿ ಇಳಿಯಲಿಲ್ಲ. ಗಾಡಿಯನ್ನು ಹಾಗೇ ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ತಿರುಗಿಸಿ, ಲೆವೆಲ್ ತುಂಬಿಸಿದೆ.

ಇಷ್ಟೆಲ್ಲ ಪಾಡುಪಟ್ಟರೂ ಪೈಪ್ ಬಿಚ್ಚಿದ್ದಕ್ಕೆ ನನಗೆ ಬೇಜಾರಿಲ್ಲ. ಭಾಯಿ ಆ ಕತ್ತರಿಸಿದ ತುಂಡನ್ನು ಬೆಳಕಿಗೆ ಹಿಡಿದು ತೋರಿಸಿದರು: ಕ್ಲಿಪ್ ಕೂರುವ ಜಾಗದಲ್ಲೇ ಉದ್ದಕ್ಕೆ ಕೂದಲೆಳೆಯಂಥ ಸೀಳು. ನಾನು ಮುರಿದದ್ದಲ್ಲ, ಹಳೇದು, ಒಳಗೆಲ್ಲ ಮಣ್ಣು ಮೆತ್ತಿತ್ತು. ಎರಡು ಬಾಟಲಿ ಸುರಿದು ನಾನು ಸೀಲಿಗೆ ಮದ್ದು ಮಾಡುತ್ತಿದ್ದೆ, ಲೀಕ್ ಇದ್ದದ್ದು ಇಲ್ಲಿ. ಇಲ್ಲಿಂದ ಸೋರಿ ಲೆವೆಲ್ ಇಳಿದಾಗ ಪಂಪ್ ಗಾಳಿ ಎಳೆದು ಕುಂಯ್ ಅನ್ನುತ್ತಿತ್ತೋ ಏನೋ. ಮಾರನೇ ದಿನ ಹೊಸ ಪೈಪ್, ಹೊಸ ಕ್ಲಿಪ್. ಬಹಳ ಗಾಡಿಗಳಲ್ಲಿ ಟ್ಯಾಂಕಿನ ತಳದಲ್ಲಿ ಒಂದು ಜಾಲರಿ ಇರುತ್ತದೆ. ನಮ್ಮದರಲ್ಲಿ ಅದಕ್ಕೆ ಕಪ್ಪು ಅಂಟು ಹಿಡಿದಿತ್ತು. ಸಿರಿಂಜ್ ಹಿಡಿದು ನೂರು ಸಲ ಎಳೆದರೂ ಅದು ಹೋಗುತ್ತಿರಲಿಲ್ಲ.

ಹಾಗಾದರೆ ಯಾವುದು? ಬಾಟಲಿಯನ್ನು ನಾನು ಇನ್ನು ತರುವುದಿಲ್ಲ. ಊರು ಸೇರುವವರೆಗೆ ಹೇಗೋ ತಳ್ಳಬೇಕಾದವರು ತರಲಿ, ಅದೂ ಸೀಲೇ ಲೀಕ್ ಅಂತ ಗೊತ್ತಿದ್ದರೆ. ಆಯಿಲ್ ಕಪ್ಪಾಗಿದ್ದರೆ, ಸುಟ್ಟ ವಾಸನೆ ಇದ್ದರೆ, ಅಥವಾ ಯಾವಾಗ ಬದಲಿಸಿದ್ದು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ ಒಂದು ಸಲ ಪೈಪ್ ಬಿಚ್ಚಿಯೇ ಮಾಡಿ, ಹೊಸ ಪೈಪು ಕ್ಲಿಪ್ಪು ಮೊದಲೇ ತಂದಿಟ್ಟುಕೊಂಡು, ಕೈಯಿಂದಲೇ ತಿರುಗಿಸಿ, ಅವಸರ ಮಾಡದೆ. ಅಲ್ಲಿಂದಾಚೆಗೆ ಸಿರಿಂಜೇ ಸಾಕು. ಆಕ್ಸೆಂಟ್ ಆಯಿಲ್ ಮೊದಲೇ ಅಷ್ಟೇನೂ ಕೆಟ್ಟಿರಲಿಲ್ಲ, ಅದಕ್ಕೇ ಅಲ್ಲಿ ಸಿರಿಂಜ್ ಗೆದ್ದದ್ದು.

ಈಗ ಪ್ರತಿ ಎಂಜಿನ್ ಆಯಿಲ್ ಸರ್ವಿಸಿಗೆ ಕ್ವಾಲಿಸ್ ಟ್ಯಾಂಕನ್ನು ಒಂದು ಸಲ ಎಳೆದು ತುಂಬಿಸುತ್ತೇನೆ. ಎಳೆದದ್ದರಲ್ಲಿ ಒಂದು ಹನಿಯನ್ನು ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬಿಟ್ಟು ಪಕ್ಕದಲ್ಲಿ ತಾರೀಕು ಬರೆಯುತ್ತೇನೆ. ಮೊದಲ ಹನಿ ಟಾರಿನಂತಿದೆ, ಆಮೇಲಿನದು ಬೆಲ್ಲದ ಬಣ್ಣ, ಮೊನ್ನೆ ಬಿಟ್ಟದ್ದು ದಾಳಿಂಬೆ ರಸದಂತೆ ಹರಡಿಕೊಂಡಿದೆ. ಅಪ್ಪ ಆ ಹಾಳೆಯನ್ನು ನೋಡಿ, ಏನೂ ಹೇಳದೆ, ಕೀ ತಗೊಂಡು ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ಬಂದರು.