ಮೇಜಿನ ಮೇಲೊಂದು ಕಡಲು: ಆಕ್ವಾ-ಸಿಮ್

ಎಂ.ಟೆಕ್ ಯೋಜನೆಗೆಂದು, ಕಡಲಡಿಯ ಸಂವೇದಕಗಳ ಜಾಲವನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಆಕ್ವಾ-ಸಿಮ್ ತಂತ್ರಾಂಶವನ್ನು ನಾಲ್ಕು ತಿಂಗಳು ಬಳಸಿದೆ. ನಾನು ಬಳಸಿದ್ದು ಎನ್‌ಎಸ್-3 ಎಂಬ ಜಾಲ ಅನುಕರಣೆಯ ತಂತ್ರಾಂಶದ ಮೇಲೆ ಓಡುವ ಹೊಸ ಆವೃತ್ತಿ. ಉಚಿತ, ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿಂಗ್ ಮಾತ್ರ ಬರಬೇಕು.

ಉಪ್ಪುನೀರು ರೇಡಿಯೊ ಅಲೆಗಳನ್ನು ಬೇಗನೆ ನುಂಗಿಬಿಡುತ್ತದೆ. ಹಾಗಾಗಿ ಕಡಲಡಿಯಲ್ಲಿ ಸಂದೇಶ ಶಬ್ದದ ಬೆನ್ನೇರಿ ಸಾಗಬೇಕು, ಸೆಕೆಂಡಿಗೆ ಸುಮಾರು 1,500 ಮೀಟರ್. ಮೂರು ಕಿಲೋಮೀಟರ್ ದೂರದ ನೋಡ್‌ನಿಂದ (ಜಾಲದ ಒಂದು ಸಂವೇದಕ ಸಾಧನದಿಂದ) ಉತ್ತರ ಮರಳಲು ನಾಲ್ಕು ಸೆಕೆಂಡು! ಸಂದೇಶಗಳ ಓಡಾಟ ದಾಖಲಾಗುವ ಟ್ರೇಸ್ ಕಡತದಲ್ಲಿ ಆ ಅಂತರವನ್ನು ಕಣ್ಣಾರೆ ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದರಲ್ಲಿರುವ ಆಳ ಆಧಾರಿತ ರೂಟಿಂಗ್ (ಆಳ ನೋಡಿ ಸಂದೇಶದ ದಾರಿ ಆರಿಸುವ ವಿಧಾನ) ನನಗೆ ಬಹಳ ಹಿಡಿಸಿತು. ಕಳಿಸಿದ ನೋಡ್‌ಗಿಂತ ಮೇಲ್ಮೈಗೆ ಹತ್ತಿರವಿರುವುದಷ್ಟೇ ಪ್ಯಾಕೆಟ್ಟನ್ನು, ಅಂದರೆ ಸಂದೇಶದ ತುಣುಕನ್ನು, ಮುಂದಕ್ಕೆ ದಾಟಿಸುತ್ತದೆ. ಪೂರ್ತಿ ಸ್ಥಳವಿವರ ಬೇಡ, ಆಳ ತಿಳಿಯಲು ಒತ್ತಡ ಅಳೆಯುವ ಸಂವೇದಕ ಸಾಕು. ನೋಡ್‌ಗಳನ್ನು ವಿರಳಗೊಳಿಸಿ ನೋಡಿದೆ, ಪ್ಯಾಕೆಟ್‌ಗಳು ನಡುನೀರಿನಲ್ಲೇ ಕಳೆದುಹೋದವು. ಕಡಲಲ್ಲೇ ಪರೀಕ್ಷಿಸಲು ದೋಣಿ ಬಾಡಿಗೆಗೆ ಹಣವಿಲ್ಲದ ವಿದ್ಯಾರ್ಥಿಗಳು ಇದನ್ನು ಖಂಡಿತ ಬಳಸಬೇಕು.